ಆರ್ವಿಲಾ ಕೂರಿಸಿದ ಗುಂಡುಗಳು

ಬಂದೂಕಿನ ಬೋಲ್ಟನ್ನು ಹಿಂದಕ್ಕೆಳೆದಾಗ ಬರೀ ತೋಟಾದ ಹಿತ್ತಾಳೆಯ ಕೊಳವೆ ಹೊರಬಂತು. ಗುಂಡು ಬರಲಿಲ್ಲ. ಅದು ನಳಿಗೆಯ ಬುಡದಲ್ಲೇ ಕಚ್ಚಿಕೊಂಡು ಕೂತುಬಿಟ್ಟಿತ್ತು. ಕೊಳವೆಯೊಳಗಿದ್ದ ಮದ್ದೆಲ್ಲ ಬಂದೂಕಿನ ಹೊಟ್ಟೆಯೊಳಗೆ, ಮೇಜಿನ ಮೇಲೆ, ಡೆಲ್ಮರ್‌ನ ತೊಡೆಯ ಮೇಲೆ ಗಸಗಸೆಯ ಹಾಗೆ ಚೆಲ್ಲಿತು.

ಬೈಗುಳವೊಂದು ನಾಲಗೆಯ ತುದಿಗೆ ಬಂದದ್ದನ್ನು ಡೆಲ್ಮರ್ ನುಂಗಿಕೊಂಡ. ಶೆಡ್ಡಿನೊಳಗೆ ಬೈಯಬಾರದು ಅನ್ನುವುದು ಅವನ ಹೆಂಡತಿ ಆರ್ವಿಲಾ ಮಾಡಿಟ್ಟ ಕಟ್ಟಳೆ. ಏಪ್ರಿಲ್ ತಿಂಗಳಲ್ಲಿ, ಗದ್ದೆಯ ಕಾಲುವೆಗಳಿಗೆ ಇನ್ನೂ ನೀರು ಬಿಡುವ ಮುಂಚೆಯೇ ಅವಳನ್ನು ಮಣ್ಣು ಮಾಡಿ ಬಂದಿದ್ದರು. ಆಮೇಲೂ ಅವನು ಶೆಡ್ಡಿನಲ್ಲಿ ಬೈದಿರಲಿಲ್ಲ.

ಎದ್ದು ಹೋಗಿ ಗೋಡೆಗೊರಗಿಸಿದ್ದ ಉದ್ದನೆಯ ಸರಳನ್ನು ತಂದು, ನಳಿಗೆಯ ಮುಂದಿನಿಂದ ಮೆಲ್ಲಗೆ ತೂರಿಸಿ ಗುಂಡನ್ನು ಹಿಂದಕ್ಕೆ ತಳ್ಳಿದ. ಟಣ್ ಎಂದು ಅದು ತಟ್ಟೆಗೆ ಬಿತ್ತು. ಹಾಗೆ ಬಿದ್ದ ಗುಂಡುಗಳು ತಟ್ಟೆಯಲ್ಲಿ ಆಗಲೇ ಒಂದು ಹಿಡಿಯಷ್ಟಿದ್ದವು. ಒಂದೊಂದರ ಕುತ್ತಿಗೆಯ ಸುತ್ತಲೂ ನಳಿಗೆಯ ಗೀರುಗಳು, ಇಲಿ ಕಚ್ಚಿದ ಹಾಗೆ.

ಶನಿವಾರ ಎಲ್ಕ್ ಎಂಬ ದೊಡ್ಡ ಕಡವೆಯ ಬೇಟೆಯ ಕಾಲ ತೆರೆಯುತ್ತಿತ್ತು. ಮಗಳು ಕೊರೀನ್ ಶುಕ್ರವಾರ ಸಂಜೆಗೆ ಬಾಯ್ಸಿ ನಗರದಿಂದ ಬರುವವಳಿದ್ದಳು. ಫೋನಿನಲ್ಲಿ ಅವಳು ಬೇರೆ ಮಾತಿನ ನಡುವೆ, ಏನೂ ಅಲ್ಲ ಅನ್ನುವಂತೆ ಹೇಳಿದ್ದಳು: "ಅಪ್ಪ, ಈ ಸಲ ಅಮ್ಮನ ಬಂದೂಕು ನಾನು ತಗೋತೀನಿ. ಆಗ್ಬಹುದಾ?"

"ಅದಕ್ಕೇನು," ಎಂದಿದ್ದ ಡೆಲ್ಮರ್. ಫೋನಿಟ್ಟ ಮೇಲೆ ಅಡುಗೆಮನೆಯ ಕುರ್ಚಿಯಲ್ಲಿ ಬಹಳ ಹೊತ್ತು ಕೂತಿದ್ದ.

ಆ ಬಂದೂಕು ಆರ್ವಿಲಾಳಿಗೆ ಅವಳ ತಂದೆಯಿಂದ ಬಂದದ್ದು. ಅದಕ್ಕೆ ಹೊಂದುವ ತೋಟಾಗಳನ್ನು ಅಂಗಡಿಯಲ್ಲಿ ಮಾರುವುದು ನಿಂತು ಒಂದು ತಲೆಮಾರೇ ಆಗಿತ್ತು. ಹಾಗಾಗಿ ಪ್ರತಿ ಸೆಪ್ಟೆಂಬರ್‌ನಲ್ಲಿ, ಕೊನೆಯ ಹುಲ್ಲು ಕೊಯ್ದು ಬಣವೆ ಹಾಕಿ ಮುಗಿದ ಮೇಲೆ, ಗಂಡ ಹೆಂಡತಿ ಶೆಡ್ಡಿನಲ್ಲಿ ಕೂತು ತೋಟಾ ಕಟ್ಟುತ್ತಿದ್ದರು. ಹೊಡೆದು ಉಳಿದ ಕೊಳವೆಗಳನ್ನು ತೊಳೆದು, ಅಳತೆಗೆ ತಂದು, ಹೊಸ ಸಿಡಿಬಿಲ್ಲೆ ಹಾಕಿ, ಮದ್ದು ತೂಗಿ ತುಂಬುವುದು ಡೆಲ್ಮರ್‌ನ ಕೆಲಸ. ಕೊನೆಗೆ ಮೇಜಿಗೆ ಬಿಗಿದ ಪ್ರೆಸ್ಸೆಂಬ ಒತ್ತುಯಂತ್ರದ ಹಿಡಿ ಎಳೆದು ಕೊಳವೆಯ ಬಾಯಿಗೆ ಗುಂಡು ಕೂರಿಸುವುದು ಆರ್ವಿಲಾಳ ಕೆಲಸ. ಮದ್ದು ತೂಗುವ ತಕ್ಕಡಿ ಉಸಿರು ತಾಗಿದರೂ ಅಲ್ಲಾಡುತ್ತದೆಂದು ಡೆಲ್ಮರ್ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ಅವಳು ಅವನ ಬೆನ್ನ ಹಿಂದೆ. ಮಾತಿಲ್ಲ. ಮದ್ದು ತುಂಬಿದ ಕೊಳವೆಗಳ ಹಲಗೆಯನ್ನು ಅವನು ತಿರುಗಿ ನೋಡದೆ ಹಿಂದಕ್ಕೆ ಚಾಚಿದರೆ, ಅವಳು ಇಸಿದುಕೊಳ್ಳುತ್ತಿದ್ದಳು.

"ಹಿಡಿ ಎಳೆಯೋದು ಯಾರಿಗಾದ್ರೂ ಬರತ್ತೆ. ತಲೆ ಬೇಕಾಗಿರೋದು ಈ ಕಡೆ," ಎಂದು ಅವನು ಆಗಾಗ ಚುಡಾಯಿಸುತ್ತಿದ್ದ.

"ಹೌದೌದು. ಅದಕ್ಕೇ ನಿನ್ನ ತಲೆ ಗೋಡೆ ಕಡೆ ಇರೋದು," ಎನ್ನುತ್ತಿದ್ದಳು.

ಹೋದ ವರ್ಷ ಕಟ್ಟಿದ್ದರಲ್ಲಿ ಒಂದು ಪೆಟ್ಟಿಗೆ ತುಂಬಾ ಹಾಗೇ ಉಳಿದಿತ್ತು. ಹೋದ ವರ್ಷ ಅವಳು ಬಂದೂಕು ಎತ್ತಲೇ ಇಲ್ಲ. ಮಂಡಿ ನೋವೆಂದು ಬಿಡಾರದಲ್ಲೇ ಉಳಿದು, ಒಲೆ ಉರಿಸಿ, ಗಂಡಸರಿಗೆ ಬೀನ್ಸ್ ಬೇಯಿಸಿ ಹಾಕಿದ್ದಳು. ಬೇಟೆಯ ಕಾಲ ಮುಗಿದು, ಮಾಂಸವೆಲ್ಲ ಕಟ್ಟಿ ಫ್ರೀಜರಿಗೆ ಸೇರಿದ ಮೇಲೆ ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದಳು, ಮಂಡಿಯಲ್ಲ, ಭುಜದ ಮೂಳೆ, ಅದು ಬರೀ ನೋವಲ್ಲ ಎಂದು.

ಆ ಪೆಟ್ಟಿಗೆಯನ್ನು ಮುಟ್ಟಬಾರದು ಎಂದು ಡೆಲ್ಮರ್ ತೀರ್ಮಾನಿಸಿಕೊಂಡಿದ್ದ. ಅವಳ ಬಟ್ಟೆಗಳನ್ನು ಚರ್ಚಿನ ಹೆಂಗಸರು ಒಯ್ದಿದ್ದರು. ಅವಳು ಹಾಕಿದ ಉಪ್ಪಿನಕಾಯಿ, ಜಾಮು ಬೇಸಿಗೆಯೊಳಗೆ ಖರ್ಚಾಗಿದ್ದವು. ಅವಳ ಕೈಯಲ್ಲಿ ಆದದ್ದು, ಆದ ಹಾಗೇ ಉಳಿದದ್ದು ಅದೊಂದೇ. ಕೊರೀನ್‌ಗೆ ಬೇಕಾದಷ್ಟು ತೋಟಾ ತಾನೇ ಹೊಸದಾಗಿ ಕಟ್ಟಿದರಾಯಿತು. ಹಿಡಿ ಎಳೆಯುವುದು ತಾನೆ?

ಅದೀಗ ಆಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಕೈಗೆ ಬೇರೇನೂ ಕೆಲಸ ತೋಚದೆ ಅವನು ಪ್ರೆಸ್ಸನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸಿದ್ದ. ಆಗ ಗುಂಡು ಎಷ್ಟು ಆಳಕ್ಕೆ ಕೂರಬೇಕೆಂದು ಹಿಡಿದಿಡುವ ಅಚ್ಚಿನ ತಿರುಪೂ ಸಡಿಲವಾಗಿತ್ತು. ಅದನ್ನು ಮತ್ತೆ ಅಳತೆಗೆ ತರುವುದಕ್ಕೆ ಎಲ್ಲರೂ ಮಾಡುವ ಉಪಾಯವನ್ನೇ ಮಾಡಿದ. ಆರ್ವಿಲಾಳ ಪೆಟ್ಟಿಗೆಯಿಂದ ಒಂದೇ ಒಂದು ತೋಟಾ ತೆಗೆದು ಪ್ರೆಸ್ಸಿನಲ್ಲಿಟ್ಟು, ಮೇಲಕ್ಕೇರಿಸಿ, ಗುಂಡಿನ ಮೂತಿಗೆ ತಾಗುವವರೆಗೆ ತಿರುಪು ಇಳಿಸಿ ಬಿಗಿದ. ಒಳ್ಳೆಯ ತೋಟಾ ಒಂದಿದ್ದರೆ ಅದರಂತೆ ಎಷ್ಟು ಬೇಕಾದರೂ ಮಾಡಬಹುದು. ತೋಟಾವನ್ನು ಒರೆಸಿ, ತೆಗೆದ ಜಾಗಕ್ಕೇ ವಾಪಸ್ಸಿಟ್ಟ.

ಆದರೆ ಅವನು ಕೂರಿಸಿದ್ದು ಒಂದೂ ಬಂದೂಕಿಗೆ ಸಲೀಸಾಗಿ ಹೋಗಲಿಲ್ಲ. ಬೋಲ್ಟು ಮುಚ್ಚುವಾಗ ತುಕ್ಕು ಹಿಡಿದ ಬಾಗಿಲಿನ ಹಾಗೆ ಒತ್ತಬೇಕಾಗುತ್ತಿತ್ತು. ಗುಂಡು ಮುಂದೆ ಹೋಗಿ ನಳಿಗೆಯ ಗೆರೆಗಳಿಗೆ ಕಚ್ಚಿಕೊಳ್ಳುತ್ತಿತ್ತು.

ಮೂರು ದಿನದಿಂದ ಡೆಲ್ಮರ್ ತಪ್ಪು ಹುಡುಕುತ್ತಿದ್ದ. ಕೊಳವೆಗಳು ಉದ್ದವಾಗಿವೆಯೇನೋ ಎಂದು ಒಂದೊಂದನ್ನೂ ಮತ್ತೆ ಕತ್ತರಿಸಿ ನೋಡಿದ. ಬಾಯಿಯ ಒಳಅಂಚು ಒರಟಾಗಿ ಗುಂಡನ್ನು ಹೆರೆಯುತ್ತಿದೆಯೋ ಎಂದು ಅಂಚು ತೀಡಿದ. ಅಚ್ಚಿನೊಳಗೆ ಜಿಡ್ಡು ಕಟ್ಟಿದೆಯೋ ಎಂದು ಬಿಚ್ಚಿ, ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿದ. ಗುಂಡುಗಳೇ ಬದಲಾಗಿರಬಹುದೆಂದು ಹಳೆಯ ಡಬ್ಬದ ತಳದಲ್ಲಿದ್ದವನ್ನು ಹುಡುಕಿ ತಂದು ಪಕ್ಕದಲ್ಲಿ ನಿಲ್ಲಿಸಿದ. ಎಲ್ಲ ಒಂದೇ. ಪ್ರತಿ ಸಲವೂ ತಾನು ಕಟ್ಟಿದ್ದನ್ನು ಆರ್ವಿಲಾಳ ಆ ತೋಟಾದ ಪಕ್ಕ ಹಿಡಿದು ನೋಡುತ್ತಿದ್ದ. ಕೂದಲೆಳೆ ವ್ಯತ್ಯಾಸವಿಲ್ಲ. ಹಾಗಾದರೆ ತಪ್ಪು ಬಂದೂಕಿನದೇ ಎಂದು ನಿನ್ನೆಯಿಡೀ ನಳಿಗೆ ಉಜ್ಜಿದ್ದ. ಇವತ್ತೂ ಅದೇ ಹಾಡು.

ಹೊರಗೆ ಪಿಕಪ್ಪಿನ ಬಾಗಿಲು ಬಡಿದ ಸದ್ದಾಯಿತು. ಟ್ವೈಲಾ, ಆರ್ವಿಲಾಳ ಅಕ್ಕ. ಲೆಮ್ಹೈ ಹೊಳೆಯ ಆಚೆ ದಡದಲ್ಲಿ ಅವಳ ಮನೆ. ಗಂಡ ಹೋದಮೇಲೆ ಒಬ್ಬಳೇ ದನ ನೋಡಿಕೊಂಡು ಇದ್ದವಳು. ವಾರಕ್ಕೊಮ್ಮೆ ತಂಗಿಯ ಗಂಡನ ಮನೆಗೆ ಏನಾದರೂ ಬೇಯಿಸಿ ತರುತ್ತಿದ್ದಳು. ಇವತ್ತು ಒಂದು ಕೈಯಲ್ಲಿ ಬೀನ್ಸು ಮಾಂಸ ಹಾಕಿದ ಚಿಲ್ಲಿ ಸಾರಿನ ಪಾತ್ರೆ, ಇನ್ನೊಂದರಲ್ಲಿ ದಾಲ್ಚಿನ್ನಿ ಸುರುಳಿ ಬನ್ನಿನ ತಟ್ಟೆ. ಭುಜದಿಂದಲೇ ಶೆಡ್ಡಿನ ಬಾಗಿಲು ನೂಕಿದಳು.

"ಇದೇನಿದು ಡೆಲ್, ತೊಡೆ ಮೇಲೆಲ್ಲ ಮದ್ದು? ನಿನ್ನ ಹತ್ರ ಯಾರಾದ್ರೂ ಬೆಂಕಿಕಡ್ಡಿ ಗೀರಿದ್ರೆ ನೇರ ಸ್ವರ್ಗಕ್ಕೆ."

"ನೇರ ಹೋಗ್ತೀನಿ ಅನ್ನೋ ನಂಬಿಕೆ ಇದೆಯಲ್ಲ ನಿಂಗೆ, ಸಾಕು."

"ಆರ್ವಿಲಾ ಅಲ್ಲಿ ಬಾಗಿಲಲ್ಲಿ ನಿಂತು ಒಳಗೆ ಬಿಡಿಸ್ಕೋತಾಳೆ, ಅದಕ್ಕೆ. ನಿನ್ನ ಲೆಕ್ಕ ನೋಡಿದ್ರೆ ಕಷ್ಟ." ಪಾತ್ರೆಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ತಟ್ಟೆಯಲ್ಲಿದ್ದ ಗೀರು ಬಿದ್ದ ಗುಂಡುಗಳನ್ನು ಕೈಯಲ್ಲಿ ಹೊರಳಿಸಿದಳು. "ಇನ್ನೂ ಆಗಿಲ್ವಾ? ನಾಡಿದ್ದು ಹುಡುಗಿ ಬರ್ತಾಳೆ."

"ಆಗತ್ತೆ. ಬಂದೂಕು ಕೆಟ್ಟಿದೆ ಅಂತ ಕಾಣತ್ತೆ."

"ನಮ್ಮಪ್ಪನ ಬಂದೂಕು ನಮ್ಮಪ್ಪನ ಕಾಲದಿಂದ ಕೆಟ್ಟಿಲ್ಲ, ನೀನು ಮೂರು ದಿನ ಮುಟ್ಟಿದ್ದಕ್ಕೆ ಕೆಟ್ಟೋಯ್ತಾ?" ಅವಳು ಸ್ಟೂಲು ಎಳೆದುಕೊಂಡು ಕೂತಳು. "ಯಾವುದರ ಅಳತೆ ಇಟ್ಟುಕೊಂಡು ಕೂರಿಸ್ತಿದ್ದೀಯ?"

ಅವನು ಪೆಟ್ಟಿಗೆಯ ಮುಚ್ಚಳ ತೆರೆದು ಕೊನೆಯ ಸಾಲಿನ ಕೊನೆಯ ತೋಟಾ ತೋರಿಸಿದ. ಕೊಡಲಿಲ್ಲ, ತೋರಿಸಿದ ಅಷ್ಟೆ.

"ಇದನ್ನ ಬಂದೂಕಿಗೆ ಹಾಕಿ ನೋಡಿದ್ಯಾ?"

"ಇದನ್ನ ಯಾಕೆ ನೋಡಬೇಕು? ಇದು ಅವಳು ಕಟ್ಟಿದ್ದು."

"ಅದು ಗೊತ್ತು. ಹಾಕಿ ನೋಡಿದ್ಯಾ ಅಂದೆ."

"ಟ್ವೈಲಾ, ಅವಳು ಕೂರಿಸಿದ ಗುಂಡು ಇಷ್ಟು ವರ್ಷದಲ್ಲಿ ಒಂದೂ ಕಚ್ಚಿಕೊಂಡಿಲ್ಲ. ಅವಳದ್ದನ್ನ ಪರೀಕ್ಷೆ ಮಾಡೋಕೆ ನಾನ್ಯಾರು?"

ಟ್ವೈಲಾ ಮೊದಲಿಗಿಂತ ಸಣ್ಣ ದನಿಯಲ್ಲಿ, "ಹಾಕಿ ನೋಡು," ಎಂದಳು.

ಆ ದನಿಗೇ ಅವನು ಎದ್ದದ್ದು. ಬಾಗಿಲಾಚೆಯ ಖಾಲಿ ದಿಬ್ಬದ ಕಡೆಗೆ ನಳಿಗೆ ತಿರುಗಿಸಿ, ತೋಟಾವನ್ನು ಎರಡು ಬೆರಳಲ್ಲಿ ಹಿಡಿದು ಒಳಗಿಟ್ಟು, ಬೋಲ್ಟು ಮುಂದಕ್ಕೆ ನೂಕಿದ. ಮುಚ್ಚುವ ಕೊನೆಯಲ್ಲಿ ಅದು ತಡೆಯಿತು. ಅವನ ಮುಂಗೈಗೆ ಮೂರು ದಿನದಿಂದ ಪರಿಚಯವಾಗಿದ್ದ ಅದೇ ತಡೆ. ಒತ್ತಿ ಮುಚ್ಚಿ, ಹಿಂದಕ್ಕೆಳೆದ. ಕೊಳವೆಯಷ್ಟೇ ಬಂತು. ಮದ್ದು ಸುರಿಯಿತು.

ಡೆಲ್ಮರ್ ಬರಿದಾದ ಕೊಳವೆಯನ್ನು ಹಿಡಿದು ನಿಂತೇ ಇದ್ದ. ಆ ಪೆಟ್ಟಿಗೆಯಲ್ಲಿ ಒಂದು ಕಡಿಮೆಯಾಯಿತು ಅನ್ನುವುದು ಅವನಿಗೆ ಮೊದಲು ಹೊಳೆದದ್ದು. ಉಳಿದದ್ದು ಆಮೇಲೆ ಹೊಳೆಯಿತು.

"ನಾನು ಈ ತಪ್ಪನ್ನೇ ನೋಡ್ಕೊಂಡು ಮಾಡಿದ್ದು," ಎಂದ.

"ಕ್ಯಾಲಿಪರ್ ಕೊಡು," ಎಂದಳು ಟ್ವೈಲಾ.

ಇಬ್ಬರೂ ಪೆಟ್ಟಿಗೆಯನ್ನು ನಡುವೆ ಇಟ್ಟುಕೊಂಡು ಕೂತರು. ಆರ್ವಿಲಾ ತುಂಬುವುದು ಯಾವತ್ತೂ ಎಡಗಡೆ ಮೇಲಿನ ಮೂಲೆಯಿಂದ. ಒಂದು ಸಾಲು ಮುಗಿಯದೆ ಇನ್ನೊಂದು ಸಾಲಿಗೆ ಇಳಿದವಳಲ್ಲ. ಆಲೂಗಡ್ಡೆ ಬಿತ್ತುವಾಗಲೂ ಹಾಗೇ, ಕಂಬಳಿ ಹೆಣೆಯುವಾಗಲೂ ಹಾಗೇ. ಮೊದಲ ಸಾಲು ಅಳೆದರು. ಎಲ್ಲ ಒಂದೇ ಅಳತೆ, ಒಂದೇ ತಾಯಿಯ ಮಕ್ಕಳ ಹಾಗೆ. ಎರಡನೆಯದರ ಕೊನೆಗೆ ಒಂದೆರಡು ಚೂರು ಎತ್ತರ. ಡೆಲ್ಮರ್ ಕ್ಯಾಲಿಪರಿನ ಬಾಯಿ ಒರೆಸಿ ಮತ್ತೆ ಅಳೆದ. ಅಷ್ಟೇ ಇತ್ತು. ಮೂರನೆಯ ಸಾಲಿನಲ್ಲಿ ಒಂದು ಸರಿ, ಒಂದು ಎತ್ತರ, ಮತ್ತೆ ಒಂದು ಸರಿ. ಆಮೇಲೆ ಸರಿ ಅನ್ನುವುದು ಬರಲೇ ಇಲ್ಲ. ಕೆಳಗಿಳಿದ ಹಾಗೆ ಒಂದಕ್ಕಿಂತ ಒಂದು ಉದ್ದ. ಬರಿಗಣ್ಣಿಗೆ ಕಾಣುವಂಥದ್ದಲ್ಲ. ಬೆರಳುಗುರಿನ ದಪ್ಪದಷ್ಟೂ ಇಲ್ಲ.

"ತಿರುಪು ತಾನಾಗೇ ಸಡಿಲ ಆಗ್ತಾ ಹೋಗಿರ್ಬೇಕು," ಎಂದ ಡೆಲ್ಮರ್. ಹೇಳುವಾಗಲೇ ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಸಡಿಲವಾದ ತಿರುಪು ಮತ್ತೆ ತಾನಾಗೇ ಸರಿಯಾಗಿ, ಮತ್ತೆ ಸಡಿಲವಾಗುವುದಿಲ್ಲ. ಹಿಡಿಯನ್ನು ತಳದವರೆಗೆ ಎಳೆಯದಿದ್ದರೆ ಹೀಗಾಗುತ್ತದೆ. ತಳ ಮುಟ್ಟುವ ಕೊನೆಯ ಗೇಣಿಗೇ ಭುಜದ ಬಲ ಬೇಕು.

"ಯಾವಾಗಿಂದ?" ಎಂದು ಕೇಳಿದ.

ಟ್ವೈಲಾ ಕಿಟಕಿಯಾಚೆ ನೋಡುತ್ತಿದ್ದಳು. ಹೊಳೆದಂಡೆಯ ಮರಗಳೆಲ್ಲ ಹಳದಿಗೆ ತಿರುಗಿದ್ದವು. "ಹೋದ ವರ್ಷ ಆಗಸ್ಟ್‌ನಲ್ಲಿ ಡಾಕ್ಟರ್ ಹೇಳಿದ್ದು. ನಾನೇ ಕರ್ಕೊಂಡು ಹೋಗಿದ್ದೆ. ನಿಂಗೆ ದನದ ಸಂತೆಗೆ ಹೋಗ್ತೀವಿ ಅಂದಿದ್ವಿ."

"ನೀವು ಒಂದು ಕರುವೂ ತರದೆ ಬಂದಿರಿ. ನಾನು ನಕ್ಕೆ."

"ಹೂಂ. ನೀನು ನಕ್ಕೆ."

"ನಂಗೆ ಯಾಕೆ ಹೇಳ್ಲಿಲ್ಲ, ಟ್ವೈಲಾ?"

"ಹೇಳಿದ್ರೆ ನೀನು ಬೇಟೆ ಬಿಟ್ಟು ಅವಳ ಮುಖ ನೋಡ್ತಾ ಕೂರ್ತೀಯ ಅಂತ. ಒಂದು ಸಲ ಎಲ್ಲರೂ ಬಿಡಾರದಲ್ಲಿ ಇರೋಣ, ಆಮೇಲೆ ಹೇಳ್ತೀನಿ ಅಂದ್ಲು. ನಾನು ಜಗಳ ಆಡಿದೆ. ಅವಳ ಜೊತೆ ಜಗಳ ಆಡಿ ಗೆದ್ದೋರು ಯಾರಿದ್ದಾರೆ? ನೀನು ಗೆದ್ದಿದ್ದೀಯಾ?"

ಡೆಲ್ಮರ್ ತಕ್ಕಡಿಯ ಕಡೆ ನೋಡಿದ. ತನ್ನ ಸ್ಟೂಲು, ಅದರ ಮುಂದಿನ ಗೋಡೆ. ಗೋಡೆಯ ಹಲಗೆಯಲ್ಲಿ ಒಂದು ಗಂಟಿತ್ತು, ಕುದುರೆಯ ಕಣ್ಣಿನ ಆಕಾರದ್ದು. ಎಷ್ಟೋ ವರ್ಷ ಅವನು ಅದನ್ನೇ ನೋಡುತ್ತಾ ಕೂತಿದ್ದ. ಹಿಂದೆ, ಚಾಚಿದರೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಅವಳು ಹಲ್ಲು ಕಚ್ಚಿಕೊಂಡು ಈ ಹಿಡಿಯನ್ನು ಎಳೆದಿದ್ದಳು. ಒಂದು ಉಸಿರು ಜೋರಾಗಿ ಬಿಟ್ಟಿದ್ದರೂ ಕೇಳಿಸುತ್ತಿತ್ತು. ಆದರೆ ಉಸಿರು ಬಿಡಬೇಡ, ತಕ್ಕಡಿ ಅಲ್ಲಾಡುತ್ತದೆ ಎಂದು ಹೇಳಿಕೊಟ್ಟವನು ತಾನೇ. ಹೋದ ಸೆಪ್ಟೆಂಬರ್‌ನಲ್ಲಿ ಒಮ್ಮೆ ಹಲಗೆ ಹಿಂದಕ್ಕೆ ಚಾಚಿದಾಗ ಅವಳು ಬೇಗ ತೆಗೆದುಕೊಳ್ಳಲಿಲ್ಲ. "ನಿದ್ದೆ ಹೋದ್ಯಾ?" ಎಂದಿದ್ದ. "ನಿನ್ನ ವೇಗಕ್ಕೆ ನಿದ್ದೆ ಬರ್ದೆ ಇನ್ನೇನು," ಎಂದಿದ್ದಳು. ಅವನು ಗೋಡೆ ನೋಡಿಕೊಂಡೇ ನಕ್ಕಿದ್ದ.

"ಹೊಡೆಯೋಕೆ ಆಗಲ್ಲ ಅಂತ ಗೊತ್ತಿದ್ದೂ ಇಷ್ಟು ಯಾಕೆ ಕಟ್ಟಿದ್ಲು?" ಎಂದ. "ನೋವು ತಿಂದ್ಕೊಂಡು. ಯಾರಿಗೆ?"

ಟ್ವೈಲಾ ಏಪ್ರನ್ನಿನ ಅಂಚಿನಿಂದ ಮೂಗೊರೆಸಿಕೊಂಡಳು. "ಕೊರೀನ್‌ಗೆ," ಎಂದಳು. "ಮುಂದಿನ ವರ್ಷ ಹುಡುಗಿ ಬಂದೂಕು ಕೇಳೇ ಕೇಳ್ತಾಳೆ, ಆಗ ಅವಳ ಅಪ್ಪನ ಕೈಲಿ ಗುಂಡು ಕೂರಿಸೋಕೆ ಆಗಲ್ಲ, ಒಂದು ಪೆಟ್ಟಿಗೆ ಆದ್ರೂ ಇರಲಿ ಅಂದ್ಲು."

ಡೆಲ್ಮರ್ ನಗಲು ಹೋದ. ನಗುವಾಗಿ ಶುರುವಾದದ್ದು ನಗುವಾಗಿ ಮುಗಿಯಲಿಲ್ಲ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಬಗ್ಗಿಸಿದ. ಟ್ವೈಲಾ ಎದ್ದು ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು, ಈಯುವ ಹಸುವಿನ ಬೆನ್ನ ಮೇಲೆ ಇಡುವ ಹಾಗೆ. ಚಿಲ್ಲಿ ತಣ್ಣಗಾಯಿತು.

ಎಷ್ಟೋ ಹೊತ್ತಿನ ಮೇಲೆ ಅವನು ಮುಖ ಒರೆಸಿಕೊಂಡು, "ನಾನು ಇದನ್ನ ಎತ್ತಿಡ್ಬೇಕು ಅಂತಿದ್ದೆ," ಎಂದ.

"ಗೊತ್ತು."

"ಯಾರಿಗೂ ಕೊಡದೆ. ಕೊರೀನ್‌ಗೂ."

"ಗೊತ್ತು ಕಣೋ. ಆದ್ರೆ ಹೀಗೇ ಎತ್ತಿಟ್ರೆ ಮುಂದೆ ಯಾರೋ ಗೊತ್ತಿಲ್ದೆ ತೆಗೆದು ಬಂದೂಕಿಗೆ ಹಾಕ್ತಾರೆ. ಗುಂಡು ಕಚ್ಕೊಂಡಿರೋವಾಗ ಬಂದೂಕಿನ ಕುದುರೆ ಎಳೆದ್ರೆ ಬಂದೂಕೇ ಮುಖಕ್ಕೆ ಸಿಡಿಯತ್ತೆ ಅಂತ ನಿಂಗೆ ನಾನು ಹೇಳ್ಬೇಕಾ? ಹೊಳೆಗೆ ಎಸಿ, ಇಲ್ಲಾಂದ್ರೆ ಸರಿ ಮಾಡು."

ಸರಿ ಮಾಡುವುದು ಕಷ್ಟದ ಕೆಲಸವೇನಲ್ಲ. ಉದ್ದವಾಗಿ ನಿಂತ ಗುಂಡನ್ನು ಇನ್ನಷ್ಟು ಒಳಕ್ಕೆ ಒತ್ತಿದರಾಯಿತು. ಆದರೆ ಒತ್ತಿದ ಮೇಲೆ ಅದು ಆರ್ವಿಲಾ ನಿಲ್ಲಿಸಿದಲ್ಲಿ ನಿಂತಿರುವುದಿಲ್ಲ. ಅವಳ ಕೈ ಎಲ್ಲಿ ಸೋತಿತು ಎಂಬುದು ಈ ಲೋಕದಲ್ಲಿ ಬರೆದಿಟ್ಟಂತೆ ಇದ್ದದ್ದು ಈ ಪೆಟ್ಟಿಗೆಯಲ್ಲಿ ಮಾತ್ರ. ಅದನ್ನು ಅವನು ಓದಿದ್ದೇ ಈಗ.

ನಳಿಗೆಯಲ್ಲಿ ಕಚ್ಚಿಕೊಂಡಿದ್ದ ಗುಂಡನ್ನು ಸರಳಿನಿಂದ ಹೊರಕ್ಕೆ ತಳ್ಳಿ, ಚೆಲ್ಲಿದ ಮದ್ದು ಒರೆಸಿ, ಮೊದಲ ಸಾಲಿನ ಮೊದಲ ತೋಟಾ ತೆಗೆದು ಬಂದೂಕಿಗಿಟ್ಟ. ಬೋಲ್ಟು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಮುಚ್ಚಿತು, ಹಾಗೇ ತೆರೆಯಿತು. ಅದನ್ನು ಪ್ರೆಸ್ಸಿಗಿಟ್ಟು ಮೇಲಕ್ಕೇರಿಸಿ, ಈ ಸಲ ಅದರ ಮೂತಿಗೆ ತಾಗುವವರೆಗೆ ತಿರುಪು ಇಳಿಸಿದ. ಬಿಗಿ ಮಾಡಿದ. ನಂತರ ಪೆಟ್ಟಿಗೆಯ ಕೊನೆಯ ಸಾಲಿನಿಂದ ಒಂದನ್ನು ತೆಗೆದಿಟ್ಟು ಹಿಡಿಗೆ ಕೈ ಹಾಕಿದ.

ಹಿಡಿ ಸಲೀಸಾಗಿ ಇಳಿಯುತ್ತಾ ಬಂದು ಒಂದು ಕಡೆ ನಿಂತಿತು. ಅಲ್ಲಿಗೇ ಅವಳ ಕೈ ನಿಂತದ್ದು. ಅಲ್ಲಿಂದ ತಳಕ್ಕೆ ಇನ್ನೂ ಸ್ವಲ್ಪ ದೂರವಿತ್ತು. ಡೆಲ್ಮರ್ ಅಲ್ಲೇ ಸ್ವಲ್ಪ ಹೊತ್ತು ಹಿಡಿದಿದ್ದ. ಆಮೇಲೆ ಮೆಲ್ಲಗೆ, ಜೋರು ಮಾಡಿದರೆ ಯಾರಿಗೋ ನೋಯುತ್ತದೆ ಅನ್ನುವ ಹಾಗೆ, ತಳದವರೆಗೆ ಒತ್ತಿದ. ಗುಂಡು ಕರಕ್ ಅನ್ನದೆ ಒಳಗೆ ಸರಿದು ಕೂತಿತು.

"ನಾನು ಹೊರಗೆ ಕೂತಿರ್ತೀನಿ," ಎಂದಳು ಟ್ವೈಲಾ.

"ಬೇಡ, ಇಲ್ಲೇ ಇರು. ಮಾತಾಡು. ಏನಾದ್ರೂ ಮಾತಾಡ್ತಾ ಇರು."

ಅವಳು ಮಾತಾಡಿದಳು. ಬೇಲಿ ಮುರಿದ ಹೋರಿಯ ಬಗ್ಗೆ, ಚರ್ಚಿನ ಹೊಸ ಪಾದ್ರಿಯ ಹೆಂಡತಿ ಮಾಡುವ ಕಲ್ಲಿನಂಥ ಬಿಸ್ಕತ್ತುಗಳ ಬಗ್ಗೆ, ಕೊರೀನ್ ಚಿಕ್ಕವಳಿದ್ದಾಗ ಸತ್ತ ಎಲ್ಕ್‌ಗೆ ಕಂಬಳಿ ಹೊದಿಸಿದ್ದರ ಬಗ್ಗೆ. ಡೆಲ್ಮರ್ ಹೂಂಗುಟ್ಟುತ್ತಾ ಒಂದೊಂದಾಗಿ ತೆಗೆದು ಒತ್ತುತ್ತಾ ಹೋದ. ಕೆಳಗಿನ ಸಾಲಿನಿಂದ ಮೇಲಿನ ಸಾಲಿಗೆ. ಹೋದ ಹಾಗೆ ಹಿಡಿ ನಿಲ್ಲುವ ಜಾಗ ತಳಕ್ಕೆ ಹತ್ತಿರವಾಗುತ್ತಿತ್ತು. ಅವಳು ಬಿಟ್ಟ ದೂರ ಕಮ್ಮಿಯಾಗುತ್ತಿತ್ತು. ಅವನು ಎಳೆಯಬೇಕಾದದ್ದೂ ಕಮ್ಮಿಯಾಗುತ್ತಿತ್ತು. ಮೂರನೆಯ ಸಾಲಿಗೆ ಬರುವ ಹೊತ್ತಿಗೆ ಒಂದರಲ್ಲಿ ಉಸಿರಿನಷ್ಟು, ಇನ್ನೊಂದರಲ್ಲಿ ಏನೂ ಇಲ್ಲ.

ಎರಡನೆಯ ಸಾಲಿನ ನಡುವೆ ಒಂದನ್ನಿಟ್ಟು ಹಿಡಿ ಎಳೆದ. ಅದು ಎಲ್ಲೂ ನಿಲ್ಲದೆ ನೇರ ತಳ ಮುಟ್ಟಿತು. ಗುಂಡು ಅಲ್ಲಾಡಲಿಲ್ಲ. ಅದರ ಹಿಂದಿನದೂ ಹಾಗೇ, ಅದಕ್ಕೂ ಹಿಂದಿನದೂ ಹಾಗೇ. ಇನ್ನು ಮುಂದೆ ಇದ್ದವೆಲ್ಲ ಅವಳು ಪೂರ್ತಿ ಎಳೆದವು. ಅವುಗಳಿಗೆ ಅವನ ಕೈ ಬೇಕಾಗಿರಲಿಲ್ಲ.

ಟ್ವೈಲಾ ಮಾತು ನಿಲ್ಲಿಸಿದ್ದಳು. ಡೆಲ್ಮರ್‌ನ ಕೈ ಹಿಡಿಯ ಮೇಲೆಯೇ ಇತ್ತು.

"ಆಯ್ತಾ?" ಎಂದಳು ಅವಳು.

"ಆಯ್ತು," ಎಂದ ಡೆಲ್ಮರ್. "ಇದನ್ನ ಕೊರೀನ್ ತಗೊಂಡು ಹೋಗ್ಲಿ." ಆದರೂ ಮೊದಲ ಸಾಲಿನಿಂದ ಇನ್ನೊಂದು ತೋಟಾ ತೆಗೆದು ಪ್ರೆಸ್ಸಿಗಿಟ್ಟು, ಒತ್ತುವುದಕ್ಕೆ ಏನೂ ಇಲ್ಲವೆಂದು ಗೊತ್ತಿದ್ದೂ, ಹಿಡಿಯನ್ನು ಮೆಲ್ಲಗೆ ತಳದವರೆಗೆ ಎಳೆದ.